ಅರಗು ಹಿಡಿದ ಅಲಗು

ಏಪ್ರಿಲ್ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಮೂರೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ನಾಗರಾಜುವಿನ ಅಂಗಿಯ ಮೇಲೆ ಹೆಂಡತಿಯ ರಕ್ತ ಇನ್ನೂ ಹಸಿಯಾಗಿತ್ತು. ಕೆಂಗಲ್ ಹತ್ತಿರದ ಛತ್ರವೊಂದರಲ್ಲಿ ನಾಮಕರಣ, ಊಟಕ್ಕೆ ಮುಂಚೆ ಜಾದೂ. ಕೈ ಕತ್ತರಿಸುವ ಪೆಟ್ಟಿಗೆಯೊಳಗೆ ಕೈಯಿಡಲು ಯಾರಾದರೂ ಬನ್ನಿ ಎಂದು ಜಾದೂಗಾರ ಜಯಕುಮಾರ್ ಕರೆದಾಗ ನಗುತ್ತ ಎದ್ದು ಹೋದವಳು ನಾಗರಾಜುವಿನ ಹೆಂಡತಿ ರಮ್ಯಾ.

"ಅವ್ಳು ಕಿರುಚ್ಕೊಂಡಾಗ್ಲೂ ಆಟ ಅಂತ ಎಲ್ಲ ನಗಾಡ್ತಿದ್ರು ಮೇಡಂ," ಎಂದ ನಾಗರಾಜು. "ನಾನೂ ನಕ್ಬುಟ್ಟೆ."

ಇನ್‌ಸ್ಪೆಕ್ಟರ್ ರಾಧಾಮಣಿ ಬರೆಯುತ್ತಿದ್ದ ಪೆನ್ನು ನಿಲ್ಲಿಸಲಿಲ್ಲ. "ಯಾವ ಕೈ?"

"ಬಲಗೈ. ಹಾರೋಹಳ್ಳೀಲಿ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡೋಳು. ಬೆರಳು ಹೋದ್ರೆ ಕೆಲಸ ಎಲ್ಲೈತೆ?"

ನಿರ್ಲಕ್ಷ್ಯದಿಂದ ತೀವ್ರ ಗಾಯಪಡಿಸಿದ ಆರೋಪದಡಿ ಜಯಕುಮಾರ್ ಮೇಲೆ ಎಫ್‌ಐಆರ್ ದಾಖಲಾಯಿತು. ಸಂಜೆ ಐದಕ್ಕೆ ಇಬ್ಬರು ಪಂಚರ ಎದುರು ಛತ್ರದಲ್ಲಿ ಪಂಚನಾಮೆ ನಡೆಯಿತು. ಪೆಟ್ಟಿಗೆ ಮೊಳದುದ್ದದ ಮರದ ಚೌಕಟ್ಟು, ಕೆಂಪು ಹಳದಿ ಬಣ್ಣ, ನಡುವೆ ಕೈಯಿಡಲು ತೂತು. ಹೆಡ್ ಕಾನ್‌ಸ್ಟೆಬಲ್ ಬೈರಪ್ಪ ಅದರ ಸುತ್ತ ಒಂದು ಸುತ್ತು ಹಾಕಿದ.

"ಒಸಿ ಕೈಯಿಟ್ಟು ತೋರ್ಸಿ ಬೈರಪ್ಪ," ಎಂದಳು ರಾಧಾಮಣಿ.

"ಅಯ್ಯೋ ಬ್ಯಾಡಿ ಮೇಡಂ, ಪಿಂಚಣಿ ಅರ್ಜಿಗೆ ಇನ್ನೂ ಸೈನ್ ಹಾಕ್ಬೇಕು."

ಪಂಚರು ನಕ್ಕರು. ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಜಯಕುಮಾರ್ ನಗಲಿಲ್ಲ. ಹೊಳೆಯುವ ಕೋಟನ್ನು ಅವನು ಇನ್ನೂ ಕಳಚಿರಲಿಲ್ಲ.

"ಇದು ಹೇಗೆ ನಡೆಯುತ್ತೆ ಹೇಳು."

"ಎರಡು ಅಲಗು ಐತೆ ಮೇಡಂ. ಒಂದು ನಿಜ, ಒಂದು ನಕಲಿ. ಮೊದಲು ಸೌತೆಕಾಯಿ ಕತ್ತರಿಸಿ ತೋರಿಸ್ತೀನಿ, ಅದು ನಿಜದ್ದು. ಆಮೇಲೆ ಈ ಗೂಟ ತಿರುಗಿಸಿದ್ರೆ ನಿಜದ್ದು ಮೇಲೇ ಸಿಕ್ಕಾಕೊಳ್ತದೆ, ನಕಲಿ ಮಾತ್ರ ಇಳೀತದೆ."

"ಇವತ್ತು ಗೂಟ ತಿರುಗಿಸಿದೆಯಾ?"

"ತಿರುಗಿಸ್ದೆ. ಒಸಿ ಬಿಗಿ ಇತ್ತು."

"ಗೂಟ ಕುಳಿಯಲ್ಲಿ ಕೂತಿದೆಯೋ ಇಲ್ಲವೋ ನೋಡಿದೆಯಾ?"

ಅವನು ತಲೆ ತಗ್ಗಿಸಿದ. "ಫೋನ್ ಸ್ಟ್ಯಾಂಡ್ ಸರಿಮಾಡ್ತಿದ್ದೆ, ವಿಡಿಯೋಗೆ."

ರಾಧಾಮಣಿ ಟಾರ್ಚು ಹಿಡಿದು ಅಲಗು ಜಾರುವ ಸೀಳಿನೊಳಗೆ ಇಣುಕಿದಳು. ಎರಡು ಬದಿಗೂ ಕೆಂಪಗೆ ಏನೋ ಹರಿದು ಗಟ್ಟಿಯಾಗಿತ್ತು. ಅದರ ಒಂದು ಎಳೆ ಗೂಟದ ಕುಳಿಯವರೆಗೂ ಇಳಿದು ಅದನ್ನು ತುಂಬಿಬಿಟ್ಟಿತ್ತು. ಪಿನ್ನಿನಿಂದ ಚೂರು ಕೆರೆದು ಬೈರಪ್ಪನ ಅಂಗೈಗೆ ಹಾಕಿದಳು. ಅವನು ಮೂಗಿನ ಹತ್ತಿರ ಹಿಡಿಯುವ ಮೊದಲೇ ಹೇಳಿದ: "ಅರಗು ಮೇಡಂ. ನಮ್ಮೂರ ಬೊಂಬೆಗೆ ಬಳಿಯೋ ಅರಗು."

ಉಳಿದದ್ದನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲು ಮೊಹರು ಮಾಡಿಸಿದಳು. ಆದರೆ ವರದಿಗಾಗಿ ಕಾಯುವ ಅಗತ್ಯ ಅವಳಿಗೆ ಕಾಣಲಿಲ್ಲ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ್ದಳು: ಅರಗು ಮೇಣದಂತೆ ಒಮ್ಮೆಲೆ ಕರಗುವುದಿಲ್ಲ, ಬಿಸಿ ಏರಿದಂತೆ ಮೆತ್ತಗಾಗುತ್ತ ಹೋಗುತ್ತದೆ.

"ಆಟಕ್ಕೆ ಮುಂಚೆ ಪೆಟ್ಟಿಗೆ ಎಲ್ಲಿತ್ತು?"

"ಕಾರಲ್ಲಿ, ಹಿಂದಿನ ಗಾಜಿನ ಕೆಳಗೆ. ಬೆಳಿಗ್ಗೆಯಿಂದ ಬಿಸಿಲಲ್ಲೇ ನಿಂತಿತ್ತು."

"ಈಚೆಗೆ ಯಾರ ಕೈಗೆ ಕೊಟ್ಟಿದ್ದೆ?"

"ಗುರುವಾರ ಬಣ್ಣಕ್ಕೆ ಕೊಟ್ಟಿದ್ದೆ. ಪೀರ್ ಸಾಬ್ರ ಮಗಳು ಮುನವ್ವರಾಗೆ. ಅವಳ್ಯಾಕೆ ಮಾಡ್ತಾಳೆ ಮೇಡಂ? ಈ ಪೆಟ್ಟಿಗೆ ಮಾಡಿದ್ದೇ ಅವರಪ್ಪ."

ಯಾಕೆ ಎಂಬುದಕ್ಕೆ ಉತ್ತರ ಮರುದಿನ ಬೆಳಿಗ್ಗೆ ಮಹಿಳಾ ಕಾನ್‌ಸ್ಟೆಬಲ್ ದಿವ್ಯಳ ಮೊಬೈಲಿನಲ್ಲಿ ಸಿಕ್ಕಿತು. ಜಯಕುಮಾರ್ ಒಂದು ವರ್ಷದಿಂದ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ. ಆಟ ತೋರಿಸುವ ವಿಡಿಯೋಗಳನ್ನು ಯಾರೂ ನೋಡಿರಲಿಲ್ಲ. ಗುಟ್ಟು ಬಿಚ್ಚುವ ವಿಡಿಯೋಗಳನ್ನು ಲಕ್ಷಗಟ್ಟಲೆ ಜನ ನೋಡಿದ್ದರು. ಮೊಟ್ಟೆ ಮಾಯವಾಗುವ ಬಟ್ಟಲು, ಚೆಂಡು ನುಂಗುವ ಡಬ್ಬಿ, ನಗಿಸುವ ಮುರುಕು ಮಂತ್ರದಂಡ, ಒಂದೊಂದನ್ನೂ ಕ್ಯಾಮೆರಾ ಮುಂದೆ ಬಿಚ್ಚಿ, "ನೋಡ್ರಪ್ಪಾ, ಇಷ್ಟೇ ಇದು!" ಎನ್ನುತ್ತಿದ್ದ. ಡಬ್ಬಿಗಳ ತಳದಲ್ಲೆಲ್ಲ ಪೀರ್ ಸಾಬರ ಗುರುತಿನ ಹಸಿರು ಉಂಗುರವಿತ್ತು.

ಸೋಮವಾರ ಮಧ್ಯಾಹ್ನ ಮೂರಕ್ಕೆ ಜೀಪು ಬೊಂಬೆ ಕೆಲಸದವರ ಬೀದಿಗೆ ಹೋಯಿತು. ಅಕ್ಕಪಕ್ಕದ ಮನೆಗಳಲ್ಲಿ ಬೊಂಬೆ ಕಡೆಯುವ ಲೇತುಗಳು ಗುಂಯ್‌ಗುಡುತ್ತಿದ್ದವು. ಮುನವ್ವರಾಳ ಮನೆಯ ಲೇತು ನಿಂತಿತ್ತು. ಮೂವತ್ತೈದರ ಆಸುಪಾಸಿನ ಹೆಂಗಸು. ಖಾಕಿ ಕಂಡು ಸೆರಗನ್ನು ತಲೆಯ ಮೇಲೆಳೆದುಕೊಂಡಳು, ಒಳಗೆ ಓಡಲಿಲ್ಲ.

"ಆಯಮ್ಮನ ಕೈ ಹೆಂಗೈತೆ ಮೇಡಂ?"

"ಎರಡು ಬೆರಳು ಸರಿಹೋಗುತ್ತಂತೆ. ತೋರುಬೆರಳು ಮಡಚೋಕೆ ಬರಲ್ಲ ಅಂದಿದ್ದಾರೆ ಡಾಕ್ಟ್ರು."

ಮುನವ್ವರಾ ಲೇತಿನ ಪಕ್ಕದ ಮಣೆಯ ಮೇಲೆ ಕುಸಿದಳು. "ನಾನೇ ಹಾಕಿದ್ದು ಅರಗು," ಎಂದಳು.

ದಿವ್ಯ ಲೋಟದಲ್ಲಿ ನೀರು ತಂದುಕೊಟ್ಟಳು. ಮುನವ್ವರಾ ಒಂದು ಗುಟುಕು ಕುಡಿದಳು.

"ನಮ್ಮ ಅಬ್ಬಾ ಯಾರಿಗೇ ಸಾಮಾನು ಕೊಟ್ರೂ ಮೊದ್ಲು ಈ ಲೇತ್ ಮೇಲೆ ಕೈಯಿಡಿಸ್ತಿದ್ರು. ಒಳಗಿರೋದು ಒಳಗೇ ಇರ್ತೈತೆ ಅಂತ ಹೇಳಿಸ್ತಿದ್ರು. ಹೇಳದೆ ಒಂದು ಡಬ್ಬೀನೂ ಕೊಟ್ಟೋರಲ್ಲ. ಜಯಣ್ಣಾನೂ ಹೇಳಿದ್ದ, ನಾನೇ ನೋಡಿದ್ದೀನಿ. ಆ ವಿಡಿಯೋ ಬಂದ್ಮೇಲೆ ಜಾದೂ ಮಾಡೋರು ಯಾರೂ ಈ ಕಡೆ ತಲೆ ಹಾಕ್ಲಿಲ್ಲ. ಮಕ್ಕಳೇ ಎದ್ದು ಒಳಗೇನೈತೆ ಅಂತ ಕೂಗ್ತಾವೆ, ಇನ್ನು ಆಟ ಹೆಂಗೆ ಆಡೋದು ಅಂತ ಫೋನಲ್ಲಿ ನನ್ನನ್ನೇ ಬೈದ್ರು. ತೆಗೆದುಬಿಡು ಜಯಣ್ಣಾ ಅಂತ ಎರಡು ಸಲ ಕೇಳ್ಕೊಂಡೆ."

"ಏನಂದ?"

"ನಿಮ್ಮಪ್ಪ ಸತ್ತಾಯ್ತು, ಗುಟ್ಟು ಇಟ್ಕೊಂಡು ಗೋರಿ ಕಟ್ತೀಯಾ ಅಂದ." ಅವಳು ಕಣ್ಣೊರೆಸಿಕೊಂಡಳು. "ಎಲ್ಲರೆದುರು ಒಂದ್ಸಲ ಆಟ ಕೆಡ್ಲಿ, ಸೌತೆಕಾಯೀನೇ ಕತ್ತರಿಸಕ್ಕಾಗದೆ ನಿಲ್ಲಲಿ, ಜನ ಅವನನ್ನ ನೋಡಿ ನಗಲಿ ಅಂತ ಅಷ್ಟೇ ಅನ್ಕೊಂಡೆ. ಅಲಗು ಇಳೀದಂಗೆ ಸೀಳಿಗೆ ಅರಗು ತುಂಬಿದೆ. ಇಳೀತದೆ ಅಂತ ಅಲ್ಲಾನಾಣೆ ಗೊತ್ತಿರ್ಲಿಲ್ಲ."

"ಅರಗೇ ಯಾಕೆ? ಒಂದು ಮೊಳೆ ಸಾಕಿತ್ತಲ್ಲ?"

"ಮೊಳೆ ಹೊಡೆದ್ರೆ ಮರ ಸೀಳ್ತದೆ. ಅಬ್ಬಾ ಕೈಯಾರೆ ಮಾಡಿದ್ದು ಅದು. ಅರಗಾದ್ರೆ ಒಸಿ ಕಾಯಿಸಿ ತೆಗೆದ್ರೆ ಮೊದ್ಲಿನಂಗೇ ಆಗ್ತದಲ್ಲ."

ರಾಧಾಮಣಿಗೆ ನಡೆದದ್ದೆಲ್ಲ ಒಂದರ ಪಕ್ಕ ಒಂದು ಬಂದು ಕೂತಿತು. ಕಾರಿನೊಳಗಿನ ಬಿಸಿಗೆ ಅರಗು ಮೆತ್ತಗಾಗಿ ಅಲಗನ್ನು ಬಿಟ್ಟುಕೊಟ್ಟಿದೆ. ಸೌತೆಕಾಯಿ ಸಲೀಸಾಗಿ ಕತ್ತರಿಸಿದೆ. ಇಳಿದ ಅರಗು ಕುಳಿಯನ್ನು ತುಂಬಿ ಗೂಟ ಒಳಗೆ ಕೂರದಂತೆ ಮಾಡಿದೆ. ಫೋನಿನ ಕಡೆ ನೋಡುತ್ತಿದ್ದವನಿಗೆ ಅದು ತಿಳಿದಿಲ್ಲ, ನಿಜದ ಅಲಗು ಮೇಲೆ ಸಿಕ್ಕಿಕೊಳ್ಳದೆ ಕೈಮೇಲೇ ಇಳಿದಿದೆ.

ಬಂಧನದ ಮೆಮೊಗೆ ಮುನವ್ವರಾಳ ಚಿಕ್ಕಪ್ಪ ತಾಜ್ ಪಾಷಾ ಸಹಿ ಹಾಕಿದ. ಆಗ ನಾಲ್ಕೂಮುಕ್ಕಾಲು. ಪ್ರಕರಣದಲ್ಲಿ ಜಯಕುಮಾರ್ ಮೊದಲ ಆರೋಪಿಯಾಗಿ ಉಳಿದ, ಮುನವ್ವರಾ ಎರಡನೆಯವಳಾದಳು. ಆ ಮಧ್ಯಾಹ್ನವೇ ಜಯಕುಮಾರ್, ಯಾರೂ ಹೇಳದೆ, ಎಲ್ಲ ವಿಡಿಯೋಗಳನ್ನೂ ಅಳಿಸಿಹಾಕಿದ್ದನೆಂದು ಬೈರಪ್ಪ ಹೇಳಿದ. ಅಷ್ಟರಲ್ಲಿ ಅವು ಬೇರೆ ಎಷ್ಟು ಜನರ ಫೋನಿಗೆ ಹೋಗಿದ್ದವೋ ಲೆಕ್ಕವಿರಲಿಲ್ಲ.

ಜೀಪು ಹೆದ್ದಾರಿಗೆ ಬಂದ ಮೇಲೆ, ದಿವ್ಯಳ ಪಕ್ಕದಲ್ಲಿ ಮುದುಡಿ ಕೂತಿದ್ದ ಮುನವ್ವರಾ ಮುಂದಿನ ಸೀಟಿನ ಕಡೆ ಬಾಗಿದಳು.

"ಮೇಡಂ, ನಾನು ಮೊಳೇನೇ ಹೊಡೆದಿದ್ರೆ ಆಯಮ್ಮನಿಗೆ ಏನೂ ಆಗ್ತಿರ್ಲಿಲ್ಲ, ಅಲ್ವಾ?"

ಸುಳ್ಳು ಹೇಳುವುದು ಸುಲಭವಿತ್ತು. ರಾಧಾಮಣಿ ಹಿಂದಕ್ಕೆ ತಿರುಗಿ ಅವಳ ಮುಖ ನೋಡಿದಳು.

"ಇಲ್ಲ," ಎಂದಳು. "ಏನೂ ಆಗ್ತಿರಲಿಲ್ಲ."

ಮುನವ್ವರಾ ತಲೆಯಾಡಿಸಿ, ಅರಗಿನ ಕೆಂಪು ಹತ್ತಿದ್ದ ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸತೊಡಗಿದಳು.