ಯಂತ್ರಮಾನವನಿಗೆ ಒಂದು ಪ್ರಶ್ನೆ

“ಯಂತ್ರಮಾನವಾ, ಏಳೆಂಟ್ಲ ಐವತ್ತಾರು. ಹೌದೋ ಅಲ್ವೋ?” ಹೆಡ್‌ಮಾಸ್ಟರು ಗತ್ತಿನಿಂದ ಕೇಳಿದರು.

ಪೆಟ್ಟಿಗೆಯೊಳಗೆ ಕೂತಿದ್ದ ಪಂಕಜಾ ಹಸಿರು ದೀಪದ ಸ್ವಿಚ್ ಒತ್ತಿದಳು. ಹೊರಗೆ ಚಪ್ಪಾಳೆಯೋ ಚಪ್ಪಾಳೆ!

ಬೆಂಗಳೂರಿಗೆ ಇನ್ನೂ ಟಿ.ವಿ. ಬಾರದ ಕಾಲವದು. ರಾಜಾಜಿನಗರದ ಆ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಐದನೇ ಕ್ಲಾಸಿನ ಯಂತ್ರಮಾನವನದೇ ದರ್ಬಾರು. ಕಬ್ಬಿಣದ ಬೀರು ತುಂಬಿಕೊಂಡು ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆ ಅವನ ಮೈ, ಬಿಸ್ಕತ್ ಡಬ್ಬ ತಲೆ. ಹಸಿರು ದೀಪ ಹತ್ತಿದರೆ ಹೌದು, ಕೆಂಪು ಹತ್ತಿದರೆ ಇಲ್ಲ. ಒಳಗೊಬ್ಬ ಹುಡುಗಿ ಬೆವರು ಸುರಿಸುತ್ತಿದ್ದಾಳೆ ಎಂಬುದು ಮಾತ್ರ ಗುಟ್ಟು.

“ಮಿಷನ್ನು ಸುಳ್ಳು ಹೇಳಲ್ಲ ಕಣೇ. ಯೋಚನೆ ಮಾಡಿ ಒತ್ತು” ಎಂದು ವಿಮಲಮ್ಮ ಮಿಸ್ ಬೇರೆ ಹೇಳಿದ್ದರು.

ಆಗ ಸೀತಾ ಮುಂದೆ ಬಂದಳು. ಪೆಟ್ಟಿಗೆಗೆ ಕೊರೆದಿದ್ದ ಪುಟ್ಟ ತೂತಿನಿಂದ ನೋಡುತ್ತಿದ್ದ ಪಂಕಜಾ ತಟ್ಟನೆ ಹಿಂದೆ ಸರಿದಳು.

ಸೀತಾ ಅವಳ ಜೀವದ ಗೆಳತಿ. ಆದರೆ ಹೋದ ವಾರ, “ಪಂಕಜಾ ಇನ್ನೂ ಬೆರಳು ಚೀಪ್ತಾಳೆ” ಎಂದು ಇಡೀ ಕ್ಲಾಸಿಗೆ ಡಂಗುರ ಹೊಡೆದಿದ್ದಳು. ಅವತ್ತೇ ಪಂಕಜಾ ಠೂ ಬಿಟ್ಟಿದ್ದಳು. ಆಮೇಲೆ ಮಾತಿಲ್ಲ, ಕತೆಯಿಲ್ಲ. ಒಬ್ಬಳೇ ಕೂತು ತಿಂದರೆ ಬುತ್ತಿಯೂ ಸಪ್ಪೆ.

“ಪಂಕಜಾಗೆ ನನ್ನ ಮೇಲೆ ಇನ್ನೂ ಕೋಪ ಇದೆಯಾ?” ಸೀತಾ ಮೆಲ್ಲಗೆ ಕೇಳಿದಳು.

ಕೋಪ ಇಲ್ಲದೆ ಏನು! ಎಲ್ಲರೂ ನಕ್ಕಿದ್ದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಪಂಕಜಾ ಹಸಿರಿನ ಮೇಲೆ ಬೆರಳಿಟ್ಟಳು. ಆದರೆ ಹಸಿರು ಹತ್ತಿದರೆ ಸೀತಾ ಹೊರಟೇಹೋಗುತ್ತಾಳೆ. ಹಾಗಾದರೆ ಕೆಂಪು ಒತ್ತೋಣವೇ? ಅದು ಸುಳ್ಳಾಗುತ್ತದೆ. ಒಂದೇ ಹೊಟ್ಟೆಯೊಳಗೆ ಕೋಪವೂ ಇದೆ, ಸೀತಾ ಬೇಕು ಅಂತಲೂ ಇದೆ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಕಣ್ಣುಮುಚ್ಚಿ ಎರಡನ್ನೂ ಒತ್ತಿಬಿಟ್ಟಳು.

“ಅಯ್ಯೋ, ಮಿಷನ್ ಕೆಟ್ಟೋಯ್ತು!” ಹುಡುಗರು ಕೇಕೆ ಹಾಕಿದರು.

“ವೈರ್ ಲೂಸಾಗಿದೆ ಸಾರ್” ಎನ್ನುತ್ತ ಮಿಸ್ ಹೆಡ್‌ಮಾಸ್ಟರನ್ನು ಪಕ್ಕದ ಮೇಜಿಗೆ ಕರೆದೊಯ್ದರು. ಗುಂಪೂ ಅವರ ಹಿಂದೆ ಹೋಯಿತು.

ಸೀತಾ ಮಾತ್ರ ಹೋಗಲಿಲ್ಲ. ತೂತಿಗೆ ಬಾಯಿಟ್ಟು ಪಿಸುಗುಟ್ಟಿದಳು: “ನೀನೇ ಅಂತ ಗೊತ್ತು ಕಣೇ. ಕ್ಲಾಸಲ್ಲಿ ನೀನೊಬ್ಳೇ ಕಾಣ್ತಾ ಇಲ್ಲ. ನಾನು ಹಂಗೆ ಹೇಳ್ಬಾರದಿತ್ತು. ಆದ್ರೆ ನೀನೂ ಅವತ್ತು ನನ್ನ ಜಡೆ ಎಳೆದೆ. ನಂಗೂ ಎರಡೂ ಇದೆ.”

ಪಂಕಜಾ ತೂತಿನ ಹತ್ತಿರ ಮುಖ ತಂದಳು. “ಒಳಗೆ ಸಿಕ್ಕಾಪಟ್ಟೆ ಸೆಕೆ” ಎಂದಳು.

“ಇರು, ಬೀಸ್ತೀನಿ.” ಸೀತಾ ಲಂಗದ ಅಂಚು ಹಿಡಿದು ಗಾಳಿ ಹಾಕತೊಡಗಿದಳು.

ಆ ಪುಟ್ಟ ತೂತಿನಿಂದ ಗಾಳಿ ಅಷ್ಟೇನೂ ಒಳಗೆ ಬರಲಿಲ್ಲ. ಪಂಕಜಾಳ ಕೋಪವೂ ಪೂರ್ತಿ ಹೋಗಿರಲಿಲ್ಲ.

“ಹೋಗ್ಬೇಡ” ಎಂದಳು ಪಂಕಜಾ.