ಸುಟ್ಟ ಮರದ ಮೇಲಿನ ಸುಣ್ಣ

ಬೆಳಿಗ್ಗೆ ಏಳೂಕಾಲಿಗೆ ಠಾಣೆಗೆ ಬಂದ ದೂರು ಚುಟುಕಾಗಿತ್ತು: ಒಬ್ಬಳೇ ಬೆಟ್ಟ ಹತ್ತಲು ಹೋದ ತಂಗಿ ನಿನ್ನೆ ಸಂಜೆಯೇ ಮರಳಬೇಕಿತ್ತು, ಬಂದಿಲ್ಲ. ಅಣ್ಣ ಕೂರಲೂ ಒಲ್ಲದೆ ನಿಂತೇ ಸಹಿ ಹಾಕಿದ. ಕಳೆದ ತಿಂಗಳ ಕಾಡ್ಗಿಚ್ಚಿನಲ್ಲಿ ದಾರಿಯ ಗುರುತುಗಳೆಲ್ಲ ಸುಟ್ಟುಹೋಗಿವೆ, ಆ ದಾರಿಯನ್ನೇ ಮುಚ್ಚಿದ್ದೇವೆ ಎಂದು ಅರಣ್ಯ ಇಲಾಖೆಯವರು ಫೋನಿನಲ್ಲೇ ಕೈತೊಳೆದುಕೊಂಡರು. ಇನ್‌ಸ್ಪೆಕ್ಟರ್ ಇಬ್ಬರು ಕಾನ್‌ಸ್ಟೇಬಲ್‌ಗಳೊಂದಿಗೆ ಜೀಪು ಹತ್ತಿದರು.

ಬೆಟ್ಟದ ಬುಡದ ಚಹಾ ಅಂಗಡಿಯಾಕೆ ಯಾರನ್ನೂ ನೋಡಿಲ್ಲವೆಂದಳು. ಅಂಗಡಿ ತೆಗೆಯುವ ಮೊದಲೇ ಹುಡುಗಿ ಹೋಗಿದ್ದಿರಬಹುದು. ನೀಲಿ ಗೆರೆಯ ಲೋಟಗಳಲ್ಲಿ ಚಹಾ ಕೊಟ್ಟು, ಹೊರಡುವಾಗ ಒಂದು ಮಾತು ಹೇಳಿದಳು.

"ಗುರುತು ಬಿಟ್ಟು ಆಚೆ ಕಾಲಿಡ್ಬೇಡಿ ಸಾರ್."

ಮೇಲೆ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಇದ್ದಿಲಾಗಿ ನಿಂತ ಮರಗಳ ಮೇಲೆ ಹೊಸ ಸುಣ್ಣದ ಪಟ್ಟೆಗಳು ಮಾತ್ರ ಬೆಳ್ಳಗೆ ಕಾಣುತ್ತಿದ್ದವು, ಅದೂ ನೆಟ್ಟಗೆ ಹೋಗಬಹುದಾದ ಕಡೆಯೂ ಅಂಕುಡೊಂಕಾಗಿ. ಯಾವನೋ ಕುಡುಕ ಬಳಿದಿರಬೇಕೆಂದು ಕಿರಿಯ ಕಾನ್‌ಸ್ಟೇಬಲ್ ನಕ್ಕು, ಲಾಠಿಯಿಂದ ಪಕ್ಕದ ಬೂದಿಯನ್ನು ಚುಚ್ಚಿದ. ಲಾಠಿ ಅರ್ಧ ಒಳಗಿಳಿಯಿತು. ತೂತಿನಿಂದ ಹೊಗೆ ಬಂತು. ನೆಲದಡಿಯಲ್ಲಿ ಬೇರುಗಳು ಇನ್ನೂ ಉರಿಯುತ್ತಿದ್ದವು. ಅವನ ನಗು ಅಲ್ಲೇ ಇಂಗಿಹೋಯಿತು.

ಹುಡುಗಿ ಸಿಕ್ಕಿದ್ದು ಅಂಥದೇ ಒಂದು ಕುಳಿಯ ಅಂಚಿನಲ್ಲಿ. ಫೋಟೊ ತೆಗೆಯಲೆಂದು ಪಟ್ಟೆ ಬಿಟ್ಟು ನಾಲ್ಕು ಹೆಜ್ಜೆ ಸರಿದಿದ್ದಳು. ಕಾಲು ಸುಟ್ಟಿತ್ತು, ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು, ಜೀವವಿತ್ತು. ಕಾನ್‌ಸ್ಟೇಬಲ್‌ಗಳು ಅವಳನ್ನು ಹೊತ್ತು ಇಳಿಸಿದರು.

ಇನ್‌ಸ್ಪೆಕ್ಟರ್ ಒಬ್ಬರೇ ಪಟ್ಟೆಗಳ ಜಾಡು ಹಿಡಿದು ಮುಂದಕ್ಕೆ ಹೋದರು. ಕೊನೆಯ ಮರದ ಬುಡದಲ್ಲಿ ಒಂದು ಕಲ್ಲುಗುಪ್ಪೆ, ಅದರ ಮೇಲೆ ಕರಗಿ ಸೊಟ್ಟಗಾದ ಸೀಟಿ. ಪಕ್ಕದಲ್ಲಿ ತುಂಬಿದ ಚಹಾ ಲೋಟ, ಮೇಲೆ ಬೂದಿಯ ಕೆನೆ. ಲೋಟಕ್ಕೆ ನೀಲಿ ಗೆರೆಯಿತ್ತು.

ಪಂಚನಾಮೆ ಮುಗಿಸಿ, ಮಧ್ಯಾಹ್ನ ಅಂಗಡಿಗೆ ಬಂದರು.

"ಮೇಲೆ ಗುರುತಿದೆ ಅಂತ ನಿಮಗೆ ಯಾರು ಹೇಳಿದ್ರು?"

ಆಕೆ ಸುಳ್ಳು ಹೇಳಲಿಲ್ಲ. ಆಕೆಯ ಗಂಡ ಕಾಡಿನ ಬೆಂಕಿ ಕಾವಲುಗಾರನಾಗಿದ್ದ. ಚಾರಣಿಗರು ಆರಿಸದೆ ಬಿಟ್ಟ ಒಲೆಯಿಂದ ಕಾಡು ಹೊತ್ತಿಕೊಂಡಾಗ ಅವರನ್ನೆಲ್ಲ ದಾಟಿಸಿ, ಇನ್ನೊಬ್ಬ ಉಳಿದಿದ್ದಾನೆಂದು ಅವರು ಹೇಳಿದ್ದಕ್ಕೆ ಮತ್ತೆ ಒಳಗೆ ಹೋಗಿ ಬೆಂಕಿಯಲ್ಲೇ ಸತ್ತಿದ್ದ. ಆ ಇನ್ನೊಬ್ಬ ಆಗಲೇ ಕೆಳಗಿಳಿದು ಇದೇ ಅಂಗಡಿಯಲ್ಲಿ ನೀರು ಕುಡಿಯುತ್ತಿದ್ದ.

"ಅವ್ರು ಉಳಿಸಿದೋರಲ್ಲಿ ಒಬ್ರೂ ಆಮೇಲೆ ತಿರುಗಿ ಬರ್ಲಿಲ್ಲ ಸಾರ್. ಬೆಟ್ಟ ಹತ್ತೋರು ಯಾರಾದ್ರೂ ಅವ್ರು ಬಿದ್ದಲ್ಲೀತನಕ ಹೋಗ್ಲಿ ಅಂತ ಬಳಿದೆ. ಗಟ್ಟಿ ನೆಲ ನೋಡಿ ನೋಡೇ ಬಳಿದಿದ್ದೆ."

ಮುಚ್ಚಿದ ದಾರಿಗೆ ಜನರನ್ನು ಸೆಳೆದು ಜೀವಕ್ಕೆ ಅಪಾಯ ತಂದಳೆಂದು ಆಕೆಯ ಮೇಲೆ ಎಫ್‌ಐಆರ್ ಆಯಿತು. ಬೇರೆ ದಾರಿಯಿರಲಿಲ್ಲ. ಜೀಪು ಹತ್ತುವಾಗ ಆಕೆ ಕೇಳಿದಳು:

"ಆ ಹುಡುಗಿ ಅಲ್ಲೀತನಕ ಹೋಗಿದ್ಲಾ?"

"ಇಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್. "ನಾನು ಹೋಗಿದ್ದೆ."

ಆಕೆ ತಲೆಯಾಡಿಸಿ, ಸುಣ್ಣ ತಿಂದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಜೀಪಿನಲ್ಲಿ ಕೂತಳು.