ಜೀರುಂಡೆ ಮಿಡಿಯುವ ಕೈಗಡಿಯಾರ

ಬಲು ಹಿಂದೆ ಕಂಕಣಾವತಿ ಎಂಬ ರಾಜ್ಯವಿತ್ತು. ಅಲ್ಲಿ ಮನುಷ್ಯನ ಮುಖ ನೋಡುವ ಮೊದಲು ಮಣಿಕಟ್ಟು ನೋಡುತ್ತಿದ್ದರು. ಅರಮನೆಯ ಕಮ್ಮಟದಲ್ಲಿ ಮಾಡಿದ, ನವಿಲುಮುದ್ರೆಯ ಚಿನ್ನದ ಕೈಗಡಿಯಾರ ಕಟ್ಟಿದವನು ದೊಡ್ಡವನು; ಉಳಿದವರೆಲ್ಲ ಇದ್ದೂ ಇಲ್ಲದವರು. ಮದುವೆಯಲ್ಲಂತೂ ಅದಕ್ಕೊಂದು ಶಾಸ್ತ್ರವೇ ಇತ್ತು. ಹೆಣ್ಣಿನ ಸೋದರಮಾವ ಮದುಮಗನನ್ನು ಬಾಗಿಲಲ್ಲಿ ಒಮ್ಮೆ, ಚಪ್ಪರದಲ್ಲಿ ಒಮ್ಮೆ, ಹಸೆಮಣೆಯಲ್ಲಿ ಒಮ್ಮೆ ತಡೆದು, "ಗಡಿಯಾರ ಯಾವುದು?" ಎಂದು ಕೇಳಬೇಕು. ಇದ್ದವನು "ಅಸಲಿ" ಎನ್ನುತ್ತಿದ್ದ. ಇಲ್ಲದವನು ಕೇರಿಗೆಲ್ಲ ಸೇರಿದ ಒಂದು ಹಳೆಯ ಗಡಿಯಾರ ಕಟ್ಟಿಕೊಂಡು ಬಂದು "ಕೇರಿಯದು" ಎನ್ನುತ್ತಿದ್ದ. ಎರಡಕ್ಕೂ ಒಪ್ಪಿಗೆಯಿತ್ತು. ಆದರೆ ನಕಲಿ ಕಟ್ಟಿ ಸಿಕ್ಕಿಬಿದ್ದವನ ಕೈ ಕಡಿಯಬೇಕೆಂದು ರಾಜಾಜ್ಞೆ. ಎಂಥ ಹುಚ್ಚು ರಾಜ್ಯ ಎನ್ನುತ್ತೀರಾ? ಇತ್ತಪ್ಪ, ಏನು ಮಾಡೋಣ.

ಆ ರಾಜ್ಯದಲ್ಲಿ ಸಂಕಣ್ಣನೆಂಬ ಬಳೆಗಾರನಿದ್ದ. ಅವನಿಗೆ ಇದ್ದವಳು ತಾಯಿ ಗುರವ್ವ ಒಬ್ಬಳೇ. ದಂಡನಾಯಕ ಬೊಪ್ಪರಸನ ಮನೆಗೆ ಬಳೆ ತೊಡಿಸಲು ಹೋಗಿ ಬರುವಾಗ ಬೊಪ್ಪರಸನ ಸೋದರಸೊಸೆ ಪದುಮಲೆಗೂ ಅವನಿಗೂ ಮನಸ್ಸಾಯಿತು. ಹುಡುಗಿ ಹಟ ಹಿಡಿದಳು. ಬೊಪ್ಪರಸ ಹಲ್ಲು ಕಚ್ಚಿಕೊಂಡು ಒಪ್ಪಿದ.

"ಕೇರಿಯದನ್ನೇ ಕಟ್ಕೋ ಮಗಾ. ನಿಮ್ಮಪ್ಪನೂ ಅದನ್ನೇ ಕಟ್ಟಿದ್ದು" ಎಂದಳು ಗುರವ್ವ.

"ದಂಡನಾಯಕರ ಮನೆ ಅವ್ವಾ! ಆ ಸವೆದ ಗಡಿಯಾರ ಕಟ್ಕೊಂಡು ತಲೆ ಎತ್ತೋದು ಹೇಗೆ?" ಎಂದು ಸಂಕಣ್ಣ ರೇಗಿ, ಸಂತೆಗೆ ಹೋದ. ಅಲ್ಲಿ ಗೊಂಕನೆಂಬ ಮೋಡಿಕಾರ ಗೋಣಿತಾಟಿನ ಮೇಲೆ ನವಿಲುಮುದ್ರೆಯ ಗಡಿಯಾರಗಳನ್ನು ಬದನೆಕಾಯಿಯಂತೆ ರಾಶಿ ಹಾಕಿ ಕೂತಿದ್ದ. ಅರಮನೆಯವರಿಗೂ ವ್ಯತ್ಯಾಸ ತಿಳಿಯದು, ಅಂಥ ನಕಲು.

"ಬೆಲೆ?" ಎಂದ ಸಂಕಣ್ಣ.

"ದುಡ್ಡು ಬೇಡ ತಮ್ಮಾ. ನಿನ್ನ ಮನೆಯಲ್ಲಿ ಸುಮ್ಮನೆ ಕಳೆಯೋ ಹೊತ್ತು ಇರುತ್ತಲ್ಲ, ಅದರಲ್ಲಿ ಒಂಚೂರು ಕೊಡು."

ಸಂಕಣ್ಣನಿಗೆ ನಗು ಬಂತು. "ನಮ್ಮವ್ವ ಹೊಸ್ತಿಲಲ್ಲಿ ಕೂತು ದಿನವೆಲ್ಲ ಕಳೀತಾಳೆ. ಎಷ್ಟು ಬೇಕೋ ತಗೋ" ಎಂದುಬಿಟ್ಟ. ಮಾತಾಡುವ ಮುಂಚೆ ಒಂದು ಗಳಿಗೆ ಯೋಚಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಮದುವೆಯ ದಿನ ಬಂತು. ಬಾಗಿಲಲ್ಲಿ ಬೊಪ್ಪರಸ ಅಡ್ಡ ನಿಂತು, "ಗಡಿಯಾರ ಯಾವುದು?" ಎಂದ.

"ಅಸಲಿ" ಎಂದ ಸಂಕಣ್ಣ.

ಜನ ಬಾಯಿ ಬಿಟ್ಟು ನೋಡಿದರು. ಸಂಕಣ್ಣ ಎದೆಯುಬ್ಬಿಸಿ ಹಿಂದೆ ತಿರುಗಿದ. ಗುರವ್ವನ ತಲೆಗೂದಲು ಬೆಳ್ಳಗಾಗಿತ್ತು. ಬೆಳಿಗ್ಗೆ ಕಪ್ಪಿದ್ದ ಕೂದಲು. ಗೋಡೆಯ ಸುಣ್ಣ ಉದುರಿರಬೇಕು ಎಂದುಕೊಂಡು ಅವನು ಒಳಗೆ ನಡೆದ.

ಚಪ್ಪರದಲ್ಲಿ ಬೊಪ್ಪರಸ ಮತ್ತೆ ತಡೆದ. "ಗಡಿಯಾರ ಯಾವುದು?"

"ಅಸಲಿ."

"ಮಗಾ," ಎಂದಳು ಗುರವ್ವ, ಕೈಯಿಂದ ಗಾಳಿಯನ್ನು ತಡವುತ್ತ. "ದೀಪ ಯಾಕೆ ಆರಿಸಿದ್ರು?"

ಆಗ ನಡುಹಗಲು. ಸಂಕಣ್ಣನ ಜೀವ ಬಾಯಿಗೆ ಬಂತು. ಸಂತೆಯಲ್ಲಿ ತಾನು ಆಡಿದ ಮಾತು ನೆನಪಾಯಿತು. ಗಡಿಯಾರ ಕಿತ್ತೆಸೆಯಲು ನೋಡಿದ. ಅದರ ಪಟ್ಟಿ ಮಾಂಸಕ್ಕೆ ಹಲ್ಲು ಊರಿತು. ಕಂಬಕ್ಕೆ ಅಪ್ಪಳಿಸಿದ, ಅತ್ತ ಗುರವ್ವ ಎದೆ ಹಿಡಿದುಕೊಂಡು ಚೀರಿದಳು. ಗಡಿಯಾರವನ್ನು ಕಿವಿಗಿಟ್ಟುಕೊಂಡ. ಒಳಗೆ ಮಿಡಿಯುತ್ತಿದ್ದದ್ದು ಯಂತ್ರವಲ್ಲ, ಒಂದು ಜೀರುಂಡೆ. ಅದು ಮಾತಾಡಿತು.

"ಇನ್ನೊಂದು ಸಲ 'ಅಸಲಿ' ಅನ್ನು. ನಿಮ್ಮವ್ವನ ಉಳಿದ ಹೊತ್ತನ್ನೆಲ್ಲ ಒಂದೇ ತುತ್ತಿಗೆ ಉಣ್ಣುತ್ತೇನೆ."

"ಬಾಯಿ ಬಿಡದೆ ಇದ್ದರೆ?"

"ನಿಧಾನವಾಗಿ ಉಣ್ಣುತ್ತೇನೆ."

"ನಕಲಿ ಅಂದರೆ?"

"ಇದುವರೆಗೆ ಯಾರೂ ಹಾಗಂದಿಲ್ಲ" ಎಂದಿತು.

ಸಂಕಣ್ಣನನ್ನು ಹಸೆಮಣೆಗೆ ಕರೆತಂದರು. ಎದುರಿಗೆ ಮದುವೆಗೆ ಬಂದಿದ್ದ ರಾಜ, ರಾಜನ ಸುತ್ತ ಇಡೀ ಸಭೆ. ಮೂಲೆಯ ಕಂಬಕ್ಕೊರಗಿ ಗೊಂಕ ತುಟಿ ಸವರಿಕೊಳ್ಳುತ್ತ ನಿಂತಿದ್ದ. ಗುರವ್ವನನ್ನು ಯಾರೋ ಚಾಪೆಯ ಮೇಲೆ ಮಲಗಿಸಿದ್ದರು. ಬೊಪ್ಪರಸನ ದನಿ ಮೂರನೆಯ ಸಲ ಮೊಳಗಿತು. "ಗಡಿಯಾರ ಯಾವುದು?"

ಸಂಕಣ್ಣ ಪದುಮಲೆಯ ಮುಖ ನೋಡಿದ. ತನ್ನ ಕೈ ನೋಡಿಕೊಂಡ. ಅದು ಹೋದರೆ ಬಳೆಗಾರನಿಗೆ ಬದುಕಿಲ್ಲ. ಆಮೇಲೆ ಚಾಪೆಯ ಕಡೆ ನೋಡಿದ.

"ನಕಲಿ" ಎಂದ. "ನಕಲಿ ಧಣಿ. ನಾಚಿಕೆಗೆ ಹೆದರಿ ನಮ್ಮವ್ವನ ಆಯಸ್ಸು ಕೊಟ್ಟು ತಂದೆ."

ಟಪ್ಪೆಂದು ಗಡಿಯಾರ ಬಿರಿಯಿತು. ಜೀರುಂಡೆ ಹಾರಿಹೋಯಿತು. ಚಾಪೆಯ ಮೇಲೆ ಗುರವ್ವ ಎದ್ದು ಕೂತು ಕಣ್ಣುಜ್ಜಿಕೊಂಡಳು. ಕೂದಲು ಮತ್ತೆ ಕಪ್ಪಗಾಗಿತ್ತು.

"ಕೊಡಲಿ ತನ್ನಿ!" ಎಂದು ಬೊಪ್ಪರಸ ಅಬ್ಬರಿಸಿದ. ಪದುಮಲೆ ಬಂದು ಗಂಡಿನ ಕೈಗೆ ತನ್ನ ಕೈ ಸೇರಿಸಿ, "ಕಡಿಯೋದಾದ್ರೆ ಎರಡನ್ನೂ ಕಡಿ ಮಾವಾ" ಎಂದಳು. ಬೊಪ್ಪರಸನ ಕೈಯಲ್ಲಿ ಕೊಡಲಿ ಮೇಲೆದ್ದಿತು. ಆಗ ಆ ಜೀರುಂಡೆ ಸುತ್ತಿ ಬಂದು ಬೊಪ್ಪರಸನ ಮಣಿಕಟ್ಟಿನ ಮೇಲೆ ಕೂತು ಟಕ್ ಟಕ್ ಎಂದಿತು. ಅವನ ಗಡಿಯಾರದ ಒಳಗಿನಿಂದ ಇನ್ನೊಂದು ಜೀರುಂಡೆ ಟಕ್ ಟಕ್ ಎಂದು ಓಗೊಟ್ಟಿತು. ಸಭೆಯಲ್ಲಿ ಅದು ಕೇಳದವರಿರಲಿಲ್ಲ.

ಬೊಪ್ಪರಸನ ಹೆಂಡತಿ ವರುಷಗಳಿಂದ ಹಾಸಿಗೆ ಹಿಡಿದಿದ್ದಳು. ಯಾವ ವೈದ್ಯನಿಗೂ ಅವಳ ರೋಗ ತಿಳಿದಿರಲಿಲ್ಲ.

"ಧಣಿ," ಎಂದ ಸಂಕಣ್ಣ ಮೆಲ್ಲಗೆ, "ಒಳಗೆ ಮಲಗಿರೋ ತಾಯಿಯ ಹೊತ್ತು ಯಾರು ಉಣ್ತಾ ಇದ್ದಾರೆ?"

ಕೊಡಲಿ ಕೈಜಾರಿತು. ಅಷ್ಟು ದೊಡ್ಡ ದಂಡನಾಯಕ ನೆಲಕ್ಕೆ ಕುಸಿದು ಕೂತ. "ನನ್ನದೂ ನಕಲಿ" ಎಂದ. ಸಾಲಿನಲ್ಲಿ ಕೂತಿದ್ದ ಮಂತ್ರಿ ತಡೆದು ತಡೆದು "ನನ್ನದೂ" ಎಂದ. ಶ್ರೇಷ್ಠಿಗಳೂ ಹಾಗೇ ಎಂದರು, ಪಾಳೆಯಗಾರರೂ ಎಂದರು. ಗಡಿಯಾರಗಳು ಹುರಿಯುವ ಕಡಲೆಯಂತೆ ಬಿರಿದವು, ಜೀರುಂಡೆಗಳು ಗುಂಪುಗಟ್ಟಿ ಹಾರಿದವು. ಕದ್ದ ಹೊತ್ತೆಲ್ಲ ಕಳೆದುಕೊಂಡವರ ಮನೆ ಸೇರಿತು. ಅದನ್ನೇ ಉಂಡು ನೂರಾರು ವರುಷ ಬದುಕಿದ್ದ ಗೊಂಕ ನಿಂತಲ್ಲೇ ಸುಕ್ಕಾದ, ಗೂನಾದ, ಬೂದಿಯಾದ. ಯಾರೋ ಪೊರಕೆ ತಂದು ಗುಡಿಸಿದರು.

ರಾಜ ಸಭೆಯನ್ನೊಮ್ಮೆ ನೋಡಿದ. "ಆಜ್ಞೆ ನಡೆಸಿದರೆ ನಾಳೆ ನನಗೆ ಕೈಮುಗಿಯಲು ಯಾರಿಗೂ ಕೈಯೇ ಇರದು" ಎಂದು, ಆ ಆಜ್ಞೆಯನ್ನು ಅಲ್ಲೇ ರದ್ದು ಮಾಡಿದ.

ಅಷ್ಟರಲ್ಲಿ ಒಳಮನೆಯ ಬಾಗಿಲು ತೆರೆಯಿತು. ಬೊಪ್ಪರಸನ ಹೆಂಡತಿ ಗೋಡೆ ಹಿಡಿದು, ತನ್ನ ಕಾಲ ಮೇಲೆ ತಾನೇ ನಡೆದು ಬಂದಳು. ಬೆಳಕಿಗೆ ಕಣ್ಣು ಕಿರಿದು ಮಾಡಿ ಚಪ್ಪರ ನೋಡಿದಳು, ಜನ ನೋಡಿದಳು, ನೆಲದ ಮೇಲೆ ಕೂತಿದ್ದ ಗಂಡನನ್ನು ನೋಡಿದಳು.

"ಇದೇನ್ರೀ, ಮದುವೆಮನೇಲಿ ಹೀಗೆ ಅಳ್ತಾ ಕೂತಿದೀರಿ? ಜನಕ್ಕೆ ಇನ್ನೂ ಎಲೆ ಹಾಕಿಲ್ವಾ?"

ಬೊಪ್ಪರಸ ಅಳುತ್ತಲೇ ಎದ್ದ. ತಾಳಿ ಕಟ್ಟಿಸಿದ. ಪಂಚೆ ಮೇಲೆತ್ತಿ ಕಟ್ಟಿ ತಾನೇ ಎಲೆ ಹಾಕಿದ, ಮೊದಲ ಎಲೆಗೆ ಗುರವ್ವನನ್ನು ಕೈಹಿಡಿದು ಕೂರಿಸಿದ. ಸಂಕಣ್ಣ ಪದುಮಲೆಯರು ಮಕ್ಕಳು ಮೊಮ್ಮಕ್ಕಳನ್ನು ಕಂಡರು. ಕಂಕಣಾವತಿಯ ಜನ ತಮಗೆ ಬಂದಷ್ಟು ಹೊತ್ತನ್ನು ತಾವೇ ಬಾಳಿ ಸುಖವಾಗಿದ್ದರು.